ಮಂಗಳವಿಲ್ಲದ ಮಂಗಳಯಾತ್ರೆ

ಬೀರುವಿನ ಮೇಲೆ ಏನೇನು ಪೇರಿಸಿಟ್ಟಿದ್ದೇವೆ ಎಂಬ ಜ್ಞಾನೋದಯ ಗೃಹಸ್ಥನಿಗೆ ಆಗುವುದು ಮನೆಗೆ ಬಣ್ಣ ಹೊಡೆಸುವಾಗ ಮಾತ್ರ. ಕಳೆದ ವಾರ ಮೂಡಿಗೆರೆಯ ನಮ್ಮ ಮನೆಯ ಬೀರುವಿನ ಮೇಲಿಂದ, ಮುರಿದ ಕೊಡೆ ಮತ್ತು ಗತವರ್ಷಗಳ ಪಂಚಾಂಗಗಳ ಸಹಿತ, ಕಳೆದೇಹೋಯಿತೆಂದು ನಂಬಿದ್ದ ಪುಸ್ತಕವೊಂದು ಕೆಳಗಿಳಿಯಿತು. ಮಂಗಳ ಗ್ರಹಕ್ಕೆ ಹೋದ ಮೂವರು ಯಾತ್ರಿಕರ ವೈಜ್ಞಾನಿಕ ಕಾದಂಬರಿ. ಹೈಸ್ಕೂಲಿನಲ್ಲಿದ್ದಾಗ ಚಿಕ್ಕಮಗಳೂರಿನ ಸಂತೆಯಲ್ಲಿ, ಹಳೇ ಪುಸ್ತಕದವನ ರಾಶಿಯಿಂದ, ಒಂದು ಮಸಾಲೆದೋಸೆಯನ್ನು ತ್ಯಾಗಮಾಡಿ ಕೊಂಡದ್ದು. ಕೊನೆಯ ಹಾಳೆಗಳಿಲ್ಲವೆಂದು ತಿಳಿದದ್ದು ವಾಪಸಾಗುವ ಬಸ್ಸಿನಲ್ಲಿ. ಅಂದರೆ ನನ್ನದು ಮಂಗಳವನ್ನೇ ಹಾಡದೆ ಮುಗಿಯುವ ಮಂಗಳಯಾತ್ರೆ.

ಪುಸ್ತಕ ಕೊಂಡ ಆ ವಾರವೇ ಅಕ್ಕನಿಗೆ ದಡಾರ ಎದ್ದಿತು. ಕಣ್ಣಿಗೆ ಆಯಾಸವಾಗಬಾರದೆಂದು ಡಾಕ್ಟರು ಹೇಳಿದ್ದರಿಂದ ಪುಸ್ತಕ ಓದಿ ಹೇಳುವ ಭಾರ ನನ್ನ ಮೇಲೆ ಬಿತ್ತು. ನಾಲ್ಕನೆಯ ಮಧ್ಯಾಹ್ನ, ಗಗನನೌಕೆಯ ಇಂಧನ ತೀರಿ ಯಾತ್ರಿಕರು ಕೆಂಪು ಮರಳಿನಲ್ಲಿ ಕೂತಿದ್ದಾಗ, ಪುಸ್ತಕವೂ ತೀರಿತು. ಕಂಬಳಿಯೊಳಗಿಂದ ಅಕ್ಕ, "ಸತ್ತೋಗ್ತಾರೇನೋ?" ಎಂದಳು. ಆ ನಡುಗುವ ಧ್ವನಿ ಕೇಳಿ ನಾನು ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಇಲ್ಲದ ಪುಟಗಳನ್ನು ಓದತೊಡಗಿದೆ. ಹೇಗೋ ಮೂವರನ್ನೂ ಭೂಮಿ ಮುಟ್ಟಿಸಿದೆ. ನನ್ನ ಸಾಹಿತ್ಯಕೃಷಿ ಅಂದೇ ಆರಂಭವಾಗಿ ಅಂದೇ ಸಮಾಪ್ತಿಯಾಯಿತು.

ಅಕ್ಕ ಈಗ ಕಳಸದಲ್ಲಿ ನಿವೃತ್ತ ವಿಜ್ಞಾನ ಮೇಡಂ. ಪುಸ್ತಕ ಸಿಕ್ಕ ಹಿಗ್ಗಿನಲ್ಲಿ ಭಾನುವಾರವೇ ಅವಳ ಮನೆಗೆ ಹೊರಟೆನಾದರೂ ಕೊಟ್ಟಿಗೆಹಾರ ದಾಟುವಷ್ಟರಲ್ಲಿ ಅಳುಕು ಶುರುವಾಯಿತು. ಆ ಕಥೆ ಕೇಳಿಯೇ ತಾನು ವಿಜ್ಞಾನದ ಕಡೆ ಹೊರಳಿದ್ದು ಎಂದು ಊರಿಗೆಲ್ಲ ಹೇಳಿಕೊಂಡು ಬಂದವಳು ಅವಳು. ಆ ಕಥೆಯ ಬಾಲ ನನ್ನ ಸುಳ್ಳೆಂದು ಗೊತ್ತಾದರೆ?

ಅಕ್ಕ ಕಾಫಿ ಕೊಟ್ಟು ಪುಸ್ತಕವನ್ನು ಕೈಗೆತ್ತಿಕೊಂಡಳು. ಅವಳು ಕೊನೆಯ ಪುಟಕ್ಕೆ ಬರುವ ಮುಂಚೆಯೇ ನಾನು ತಪ್ಪೊಪ್ಪಿಕೊಂಡೆ. "ಕೊನೆ ನಾನೇ ಕಟ್ಟಿ ಹೇಳಿದ್ದು ಅಕ್ಕ. ಇದ್ರಲ್ಲಿ ಇರ್ಲೇ ಇಲ್ಲ."

"ಗೊತ್ತಿತ್ತು ಮಾರಾಯ," ಎಂದಳು ಅಕ್ಕ, ನಗುತ್ತ. "ಅಷ್ಟು ಹೊತ್ತು ಓದಿದೆ, ಒಂದು ಪುಟನೂ ತಿರುಗಿಸ್ಲಿಲ್ಲ."

"ಮತ್ತೆ ಯಾಕೆ ಸುಮ್ನಿದ್ದೆ?"

"ಕೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ. ಪಾಪ, ಅವ್ರು ಅಲ್ಲೇ ಉಳೀತಿದ್ರು."

ಎದೆಯ ಭಾರವೇನೋ ಇಳಿಯಿತು, ಆದರೆ ಅವರನ್ನು ಹೇಗೆ ವಾಪಸು ತಂದೆನೆಂಬುದು ಗ್ರಂಥಕರ್ತನಾದ ನನಗೇ ಮರೆತಿತ್ತು. ಸಂಕೋಚ ಬಿಟ್ಟು ಕೇಳಿದೆ. ಅಕ್ಕ ಕನ್ನಡಕ ಏರಿಸಿಕೊಂಡು ಕ್ಲಾಸಿನಲ್ಲಿ ನಿಂತವಳಂತೆ ಹೇಳಿದಳು. ಯಾತ್ರಿಕರು ಮರಳು ತೋಡಿದರಂತೆ, ಅಡಿಯಲ್ಲಿ ಮಂಜುಗಡ್ಡೆ ಸಿಕ್ಕಿತಂತೆ, ಅದನ್ನು ಕರಗಿಸಿ, ನೀರಿನಿಂದ ಜಲಜನಕ ಬೇರ್ಪಡಿಸಿ, ನೌಕೆಗೆ ತುಂಬಿದರಂತೆ.

ನನ್ನ ಬಗ್ಗೆ ನನಗೇ ಗೌರವ ಉಕ್ಕಿತು. "ಇಷ್ಟೆಲ್ಲ ನಾನು ಹೇಳಿದ್ನಾ?"

"ನೀನು ಹೇಳಿದ್ದು ಸೀಮೆಎಣ್ಣೆ. ಬಾವಿ ತೋಡಿದ್ರು, ಸೀಮೆಎಣ್ಣೆ ಬಂತು ಅಂದಿದ್ದೆ. ಸ್ಕೂಲಲ್ಲಿ ಮಕ್ಕಳಿಗೆ ಹೇಳೋವಾಗ ನಾನು ತಿದ್ದಿದೆ."

ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು. ನಗು ನಿಂತ ಮೇಲೆ, ಅವರು ಬಂದು ಇಳಿದದ್ದಾದರೂ ಎಲ್ಲಿ ಎಂದು ಕೇಳಿದೆ.

"ನಮ್ಮ ದೇವರಮನೆ ಗುಡ್ಡದ ಹುಲ್ಲಲ್ಲಿ," ಎಂದಳು ಅಕ್ಕ. "ಅದನ್ನ ಮಾತ್ರ ನೀನು ಹೇಳಿದ ಹಾಗೇ ಬಿಟ್ಟಿದ್ದೀನಿ."