ಡಬ್ಬಿಯಲ್ಲಿ ಬಂದ ನಗು

ಏಳನೇ ತರಗತಿಯ ಮಕ್ಕಳ ಎದುರು ‘ನಾನು ಯಾರು?’ ಎಂಬ ಪ್ರಶ್ನೆಯನ್ನು ಯಾರೂ ಇಡಬಾರದು. ಋಷಿಗಳು ಅದನ್ನು ಕಟ್ಟಿಕೊಂಡು ಕಾಡಿಗೆ ಹೋದದ್ದು ಸುಮ್ಮನೆ ಅಲ್ಲ. ಕಾಡಿನಲ್ಲಿ ಪ್ರಶ್ನೆ ಕೇಳಿದ ಮರುಗಳಿಗೆಯೇ ‘ನಾನು ಹೇಳ್ತೆ, ನಾನು ಹೇಳ್ತೆ’ ಎಂದು ಬೆಂಚು ಹತ್ತುವವರು ಇರುವುದಿಲ್ಲ.

ನಾನು ಸಿದ್ದಾಪುರದಿಂದ ಹೆಗ್ಗರಣೆಗೆ ಹೋಗುವ ದಾರಿಯ ಒಂದು ಶಾಲೆಯಲ್ಲಿ ಚಿತ್ರಕಲೆ ಕಲಿಸುವವಳು. ಶಿರಸಿಯಲ್ಲಿ ನಡೆದ ತರಬೇತಿಯೊಂದರಲ್ಲಿ ಹೇಳಿಕೊಟ್ಟರು: ಮಕ್ಕಳು ಮನೆಯಿಂದ ಒಂದೊಂದು ಸಾಮಾನು ತರಲಿ, ನೋಡಿದರೆ ‘ಇದು ನಾನು’ ಅನ್ನಿಸುವಂಥದ್ದು. ಅದರ ಚಿತ್ರ ಬರೆಯಲಿ, ಅದರ ಬಗ್ಗೆ ನಾಲ್ಕು ಮಾತಾಡಲಿ. ನನಗೆ ಬಹಳ ಹಿಡಿಸಿತು. ವಾಪಸು ಬರುವಾಗ ಬಸ್ಸಿನಲ್ಲೇ ಕನಸು ಕಂಡೆ. ಗೆಜ್ಜೆ ಬರುತ್ತದೆ, ಹಿತ್ತಾಳೆ ತಂಬಿಗೆ ಬರುತ್ತದೆ, ಬುಟ್ಟಿಯ ಮೇಲೆ ಬರೆದ ಚಿತ್ತಾರ ಬರುತ್ತದೆ. ಶಾಲೆಯ ಗೋಡೆ ವಸ್ತುಸಂಗ್ರಹಾಲಯವಾಗುತ್ತದೆ, ಯಾರಾದರೂ ಬಂದು ಫೋಟೋ ಹೊಡೆಯುತ್ತಾರೆ, ಅದರಲ್ಲಿ ನಾನೂ ಇರುತ್ತೇನೆ.

ಮೊದಲು ನಾನೇ ಒಂದು ಸಾಮಾನು ಒಯ್ಯಬೇಕಲ್ಲ? ಮನೆಯೆಲ್ಲ ಹುಡುಕಿದೆ. ನಾನಿಲ್ಲದೆ ಬದುಕಬಲ್ಲ ವಸ್ತುಗಳು ಬೇಕಾದಷ್ಟಿದ್ದವು. ನಾನು ಬಿಟ್ಟಿರಲಾರದ್ದು ಫೋನಿನ ಚಾರ್ಜರ್ ಒಂದೇ. ಅದನ್ನು ಮಕ್ಕಳಿಗೆ ತೋರಿಸಲು ನಾಚಿಕೆಯಾಗಿ ಸ್ಟೀಲ್ ಪಾತ್ರೆಗಳ ಕಪಾಟು ತೆಗೆದೆ. ಹೆಸರು ಕೊರೆಸಿದ ಪಾತ್ರೆ ಗುರುತಿಗೆ ಒಳ್ಳೆಯದಲ್ಲವೇ ಎಂದುಕೊಂಡೆ. ನೋಡಿದರೆ ಒಂದರ ಮೇಲೂ ನನ್ನ ಹೆಸರಿಲ್ಲ. ಮದುವೆಗೆ ಉಡುಗೊರೆ ಕೊಟ್ಟವರು, ಗೃಹಪ್ರವೇಶಕ್ಕೆ ಬಂದವರು, ಊಟಕ್ಕೆ ಬಂದು ಪಾತ್ರೆ ಬಿಟ್ಟುಹೋದವರು, ಎಲ್ಲರೂ ಅಲ್ಲಿದ್ದರು. ನಮ್ಮ ಸಂಸಾರಗಳು ಹೀಗೆ ಬೇರೆಯವರ ಹೆಸರಿನಲ್ಲೇ ಉಂಡು ತೊಳೆದು ಬೋರಲು ಹಾಕುತ್ತಾ ನಡೆಯುತ್ತವೆ. ಕೊನೆಗೆ ಯಾರೋ ‘ಪ್ರೀತಿಯಿಂದ’ ಎಂದು ಕೊರೆಸಿದ್ದ ಒಂದು ಲೋಟ ತೆಗೆದುಕೊಂಡು ಹೋದೆ.

ಮಕ್ಕಳು ತಂದದ್ದನ್ನು ನೋಡಿ ಗೆಜ್ಜೆಯ ಕನಸು ಅಲ್ಲೇ ಮುರಿದುಬಿತ್ತು. ಒಬ್ಬ ಟಿವಿ ರಿಮೋಟ್ ತಂದಿದ್ದ. ಮನೆಯಲ್ಲಿ ಅದು ಯಾರ ಕೈಲಿದೆಯೋ ಅವರೇ ಯಜಮಾನರು, ಇವತ್ತು ನಾನು ಎಂದ. ಇನ್ನೊಬ್ಬಳು ಕುಕ್ಕರಿನ ಸೀಟಿ ತಂದಿದ್ದಳು. ಅವರ ಮನೆಯಲ್ಲಿ ಆ ಹೊತ್ತಿಗೆ ಅನ್ನಕ್ಕೆ ಏನು ಮಾಡುತ್ತಿದ್ದರೋ, ಕೇಳುವ ಧೈರ್ಯವಾಗಲಿಲ್ಲ. ಆಮೇಲೆ ರಂಜಿತಾ ಎದ್ದು ಬಂದು ಮುಚ್ಚಳದ ಸ್ಟೀಲ್ ಡಬ್ಬಿಯೊಂದನ್ನು ಮೇಜಿನ ಮೇಲಿಟ್ಟಳು. ಮೆಲುಮಾತಿನ ಹುಡುಗಿ, ನಗುವಾಗ ಕೈ ಬಾಯಿಗೆ ಅಡ್ಡ ಹಿಡಿಯುವವಳು. ತಿಂಡಿ ಇರಬೇಕೆಂದು ನಾನು ಖುಷಿಯಿಂದಲೇ ಮುಚ್ಚಳ ತೆಗೆದೆ.

ಒಳಗೆ ನೀರಿನಲ್ಲಿ ಹಲ್ಲುಗಳು ನಗುತ್ತಿದ್ದವು. ಮೇಲಿನ ಸಾಲು, ಕೆಳಗಿನ ಸಾಲು, ನಸುಗೆಂಪು ವಸಡು ಸಮೇತ.

ನಾನು ಕಿರುಚಿದೆನಂತೆ. ನನಗೆ ನೆನಪಿಲ್ಲ. ಹೆಡ್‌ಮಾಸ್ತರು ಹಾವೆಂದುಕೊಂಡು ಕೋಲು ಹಿಡಿದು ಓಡಿಬಂದದ್ದು ಮಾತ್ರ ನೆನಪಿದೆ.

“ಇದು ಯಾರದ್ದೇ?” ಎಂದೆ, ಸ್ವರ ಬಂದ ಮೇಲೆ.

“ನಮ್ಮಜ್ಜಿದು ಅಕ್ಕೋರೆ.”

“ಅಜ್ಜಿಗೆ ಹೇಳಿ ತಂದ್ಯಾ?”

“ಇಲ್ಲ. ಅಜ್ಜಿ ಮಲಗಿತ್ತು.”

“ಯಾಕೆ ತಂದೆ ಮಾರಾಯ್ತಿ?”

“ನಾನು ಅಂತ ಗೊತ್ತಾಗೋ ಸಾಮಾನು ತನ್ನಿ ಅಂದ್ರಿ. ಎಲ್ರೂ ಹೇಳ್ತಾರೆ, ನಿನ್ನ ನಗು ಅಜ್ಜಿದೇ ಅಂತ. ಅಜ್ಜಿ ನಗು ಇದೇ ಅಲ್ವಾ?”

ತರಗತಿ ಬಿದ್ದು ಬಿದ್ದು ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ಅವಳು ಬಾಯಿಂದ ಕೈ ತೆಗೆದಿದ್ದಳು. ಮೇಲಿನ ಸಾಲಿನ ಮುಂದಿನ ಎರಡು ಹಲ್ಲುಗಳ ನಡುವೆ ಒಂದು ಸಂದು. ಡಬ್ಬಿ ನೋಡಿದೆ. ಅಲ್ಲೂ ಅದೇ ಜಾಗದಲ್ಲಿ ಅಂಥದೇ ಸಂದು. ಹುಟ್ಟಿನಿಂದ ಬಂದ ಹಲ್ಲು ಅಜ್ಜಿಯನ್ನು ಹೋಲಲಿ ಬಿಡಿ, ಡಾಕ್ಟರು ಅಚ್ಚು ಹಾಕಿ ಮಾಡಿದ ಹಲ್ಲನ್ನು ಹೋಲುವುದು ಹೇಗೆ?

“ಸೋಮವಾರ ಅಮ್ಮ ಶಿರಸಿಗೆ ಕರ್ಕಂಡು ಹೋಗಿ ಹಲ್ಲಿಗೆ ಕ್ಲಿಪ್ಪು ಹಾಕಿಸ್ತಾರೆ ಅಕ್ಕೋರೆ,” ಎಂದಳು ರಂಜಿತಾ. “ಸಂದು ಮುಚ್ಚಿಹೋಗ್ತದಂತೆ. ಆಮೇಲೆ ನಾನು ಯಾರ ಥರ ನಗೋದು?”

ತರಬೇತಿಯಲ್ಲಿ ಇದಕ್ಕೆ ಉತ್ತರ ಹೇಳಿಕೊಟ್ಟಿರಲಿಲ್ಲ. ಎಲ್ಲರೂ ಚಿತ್ರ ಬರೆಯಿರಿ ಎಂದೆ. ಉತ್ತರ ಗೊತ್ತಿಲ್ಲದ ಚಿತ್ರಕಲೆಯ ಶಿಕ್ಷಕರಿಗೆ ದೇವರು ಕೊಟ್ಟ ಅನುಕೂಲ ಅದು.

ಹೆಡ್‌ಮಾಸ್ತರ ಫೋನು ಹೋಗಿ, ಚಿತ್ರ ಅರ್ಧವಾಗುವಷ್ಟರಲ್ಲಿ ಅಂಗಳದಲ್ಲಿ ಸ್ಕೂಟಿ ನಿಂತಿತು. ಓಡಿಸುತ್ತಿದ್ದವರು ರಂಜಿತಾಳ ತಾಯಿ ಸುಜಾತಾ. ಹಿಂದೆ ಕೂತಿದ್ದವರು ಹಲ್ಲಿನ ಯಜಮಾನಿ ಕನ್ನಮ್ಮಜ್ಜಿ, ರೇಷ್ಮೆ ಸೀರೆ ಉಟ್ಟು, ಸೆರಗಿನಿಂದ ಬಾಯಿ ಮುಚ್ಚಿಕೊಂಡು. ಅಜ್ಜಿ ಕೈ ಚಾಚಿದರು. ನಾನು ಬಹುಮಾನ ಕೊಡುವಂತೆ ಎರಡೂ ಕೈಯಲ್ಲಿ ಡಬ್ಬಿ ಕೊಟ್ಟೆ. ಅವರು ನಲ್ಲಿಯ ಹತ್ತಿರ ಹೋಗಿ ತೊಳೆದು ಹಾಕಿಕೊಂಡು ಬಂದರು. ಹೋದವರೇ ಬೇರೆ, ಬಂದವರೇ ಬೇರೆ ಅನ್ನಿಸಿತು.

“ಎಂತ ಅಕ್ಕೋರೆ, ನಿಮ್ಮ ಶಾಲೆಲಿ ಪಾಠ ಹೇಳಾಕೆ ನನ್ನ ಹಲ್ಲೇ ಬೇಕಾಯ್ತಾ? ಇವತ್ತು ಮದುವೆ ಮನೇಲಿ ಹಸೆ ಹಾಡು ನಾನು ಎತ್ತಿಕೊಡಬೇಕು. ಹಲ್ಲಿಲ್ದೆ ಹಾಡಿದ್ರೆ ಗಂಡಿನ ಕಡೆಯೋರು ಬೈಗುಳ ಅಂದ್ಕಂತಾರೆ!”

ನಾನು ತಪ್ಪಾಯಿತೆಂದೆ. ಸುಜಾತಾ ಮಗಳ ಕಿವಿ ಹಿಂಡಲು ಮುಂದಾದರು, ಅಷ್ಟರಲ್ಲಿ ಅವಳ ಚಿತ್ರ ಕಣ್ಣಿಗೆ ಬಿತ್ತು. ಎರಡು ಬಾಯಿ, ಅಕ್ಕಪಕ್ಕ. ಹಲ್ಲುಗಳನ್ನು ತೆಳುವಾಗಿ ಬರೆದು, ಸಂದನ್ನು ಮಾತ್ರ ಪೆನ್ಸಿಲ್ ಒತ್ತಿ ಒತ್ತಿ ಕಪ್ಪು ಮಾಡಿದ್ದಳು. ಅವಳು ಯಾಕೆ ಹಲ್ಲು ತಂದಳೆಂದು ನಾನು ಹೇಳಿದೆ.

ಅಜ್ಜಿ ಆ ಕಾಗದ ತೆಗೆದುಕೊಂಡು ಕಪ್ಪು ಸಂದಿನ ಮೇಲೆ ಬೆರಳಾಡಿಸಿದರು.

“ಮೊದಲು ಡಾಕ್ಟ್ರು ಚಂದದ್ದೇ ಮಾಡಿಕೊಟ್ಟಿದ್ರು,” ಎಂದರು. “ಸಂದು ಗಿಂದು ಎಂತದೂ ಇರ್ಲಿಲ್ಲ. ಹಾಕ್ಕಂಡು ಮನೆಗೆ ಬಂದೆ. ಇದು ಆಗ ಸಣ್ಣ ಕೂಸು. ನಾ ನಕ್ಕಿದ್ದೇ ತಡ, ಹೆದ್ರಿ ಅತ್ತು ಅವರಮ್ಮನ ಹಿಂದೆ ಅಡಗಿತು. ಯಾರೋ ಬಂದಾರೆ ಅಂತ. ಎಷ್ಟು ಕರೆದ್ರೂ ನನ್ನ ಹತ್ರ ಬರ್ಲಿಲ್ಲ.”

“ಅದು ಗೊತ್ತು ಅತ್ತೆ,” ಎಂದರು ಸುಜಾತಾ. “ಆಮೇಲೆ ವಸಡಿಗೆ ಒತ್ತುತ್ತದೆ ಅಂತ ಹೇಳಿ ನೀವೊಬ್ರೇ ಶಿರಸಿಗೆ ಹೋಗಿದ್ರಿ.”

“ಒತ್ತೋದು ಎಲ್ಲಿಂದ ಬಂತು! ಬೇರೆ ಮಾಡಿಕೊಡಿ, ನನ್ನ ಸ್ವಂತ ಹಲ್ಲಲ್ಲಿ ಇದ್ದ ಹಂಗೇ ಸಂದು ಬಿಡಿ ಅಂದೆ. ಡಾಕ್ಟ್ರು ನಕ್ಕರು. ನಗಲಿ. ಈ ಕೂಸಿಗೆ ನನ್ನ ಗುರ್ತು ಸಿಗಬೇಕಿತ್ತು.”

ಸುಜಾತಾ ಅತ್ತೆಯ ಮುಖವನ್ನು ಹೊಸದಾಗಿ ಕಂಡವರಂತೆ ನೋಡಿದರು. “ನಾ ಇಷ್ಟು ವರ್ಷ ಆ ಡಾಕ್ಟ್ರನ್ನೇ ಬೈತಿದ್ದೆ, ಸಂದು ಬಿಟ್ಟು ಹಾಳು ಮಾಡಿದ ಅಂತ,” ಎಂದರು. ಕಿವಿ ಹಿಂಡಲು ಎತ್ತಿದ್ದ ಕೈ ಮಗಳ ತಲೆಯ ಮೇಲೆ ಇಳಿಯಿತು. ನಾನು ಗೋಡೆಯ ಕಡೆ ತಿರುಗಿ ಯಾವ ಚಿತ್ರವೂ ಇಲ್ಲದ ಜಾಗವನ್ನು ಪರೀಕ್ಷಿಸತೊಡಗಿದೆ. ನಾನು ಯಾರು ಎಂದು ಒಬ್ಬರೇ ಕೂತು ಕೇಳಿಕೊಂಡರೆ ಏನು ಸಿಗುತ್ತದೋ ನನಗೆ ಗೊತ್ತಿಲ್ಲ. ಅಜ್ಜಿ ಮಾತ್ರ ಆ ಪ್ರಶ್ನೆಯನ್ನು ಒಂದು ಕೂಸಿನ ಕಣ್ಣಿನಿಂದ ಕೇಳಿಕೊಂಡು, ಬಸ್ಸು ಹತ್ತಿ ಹೋಗಿ, ಉತ್ತರವನ್ನು ಬಾಯೊಳಗೇ ಕೂರಿಸಿಕೊಂಡು ಬಂದಿದ್ದರು.

“ಹಂಗಾರೆ ಸೋಮವಾರ ಹೋಗಾದು ಬೇಡ,” ಎಂದರು ಸುಜಾತಾ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಾ.

“ನಿನ್ನ ಮಾತೂ ಬೇಡ, ನನ್ನ ಮಾತೂ ಬೇಡ. ಅದರ ಬಾಯಿ, ಅದನ್ನೇ ಕೇಳು,” ಎಂದು ಅಜ್ಜಿ ಸ್ಕೂಟಿಯ ಕಡೆ ನಡೆದರು. ಮದುವೆ ಮನೆಯವರು ಕಾಯುತ್ತಿದ್ದರು.

ಮುಂದಿನ ವಾರ ಮಕ್ಕಳ ಚಿತ್ರಗಳನ್ನು ಗೋಡೆಗೆ ಅಂಟಿಸುವಾಗ ಎರಡು ಬಾಯಿಯ ಚಿತ್ರವನ್ನು ನಟ್ಟನಡುವೆ ಹಾಕಿ, ಹಿಂದೆ ಸರಿದು ನೋಡಿ, ಕಣ್ಣು ಒರೆಸಿಕೊಂಡೆ. ರಂಜಿತಾ ಮೆಲ್ಲಗೆ ಪಕ್ಕಕ್ಕೆ ಬಂದಳು.

“ಅಕ್ಕೋರೆ, ಒಂದು ಮಾತು. ಕ್ಲಿಪ್ಪು ಬಣ್ಣಬಣ್ಣದ್ದೂ ಸಿಗ್ತದಂತೆ. ಹಸಿರು ಬಣ್ಣದ್ದು ಹಾಕಿಸ್ಕಂಡ್ರೆ ಚಂದ ಕಾಣ್ತದಾ?”

ನಾನು ಬಾಯಿ ತೆರೆದು ನಿಂತುಬಿಟ್ಟೆ. ಅವಳು ನಕ್ಕಳು. ಕೈ ಅಡ್ಡ ಹಿಡಿಯಲಿಲ್ಲ.