ಅರ್ಧ ಬೀಸುಕಲ್ಲಿನ ವಯಸ್ಸು

ಪುಣೆಯಲ್ಲಿ ಜನರಿಗೆ ಇತಿಹಾಸ ತೋರಿಸುವ ಕೆಲಸ ನನ್ನದು. ಭಾನುವಾರ ಬೆಳಿಗ್ಗೆ ಒಂದಷ್ಟು ಮಂದಿಯನ್ನು ಕೂಡಿಸಿಕೊಂಡು ಹಳೇ ಪೇಟೆಗಳ ಓಣಿಗಳಲ್ಲಿ ನಡೆಸುತ್ತೇನೆ. ಸರದಾರರ ದೊಡ್ಡ ಮನೆಗಳಾದ ವಾಡೆ, ಗುಡಿ, ನೀರಿನ ತೊಟ್ಟಿ ತೋರಿಸುತ್ತಾ ಗಂಟಲು ಹರಿದುಕೊಳ್ಳುತ್ತೇನೆ. ಅಷ್ಟು ಕೇಳಿದ ಮೇಲೂ ಅವರ ಪ್ರಶ್ನೆ ಎರಡೇ. ಸುರಂಗ ಎಲ್ಲಿದೆ? ಇದು ಎಷ್ಟು ಹಳೆಯದು? ಸುರಂಗವಂತೆ ಸುರಂಗ! ಪ್ರತಿ ವಾಡೆಯಿಂದಲೂ ಒಂದೊಂದು ಕೋಟೆಗೆ ಸುರಂಗ ಹೋಗಿದ್ದರೆ ಈ ಊರು ಎಂದೋ ಕುಸಿದು ಬೀಳಬೇಕಿತ್ತು. ಎರಡನೆಯ ಪ್ರಶ್ನೆ ಇನ್ನೂ ಸಿಟ್ಟು ತರಿಸುತ್ತದೆ. ಹಳೆಯದಾದರೆ ಫೋಟೊ, ಇಲ್ಲದಿದ್ದರೆ ಮುಂದೆ ನಡೆ. "ನೀ ಜಗಳಾ ಆಡಲಿಕ್ಕೇ ಮಂದೀನ ಕರಕೊಂಡ ಹೋಗ್ತಿ ನೋಡು" ಎಂದು ನಮ್ಮ ಮನೆಯವರು ನಗುತ್ತಾರೆ. ನಗಲಿ.

ಪುಣೆಯ ಅಂಚಿನ ಹಡಪಸರದಲ್ಲಿ ಬೇವಿನ ಮರದ ಕೆಳಗಿನ ದೇವಿ ನನಗೆ ಗಂಟುಬಿದ್ದದ್ದು ಆ ಎರಡನೆಯ ಪ್ರಶ್ನೆಯಿಂದಲೇ. ಅಲ್ಲಿಯ ಗಾಜಿನ ಆಫೀಸುಗಳನ್ನು ಕಟ್ಟಲು ಯಾದಗಿರಿ ಕಡೆಯಿಂದ ಬಂದ ಕೆಲಸಗಾರರು ಆಫೀಸುಗಳ ಹಿಂದೆಯೇ ತಗಡಿನ ಮನೆಗಳಲ್ಲಿ ಉಳಿದಿದ್ದಾರೆ. ರಸ್ತೆ ಅಗಲ ಮಾಡುವುದಕ್ಕೆ ಅವರ ದೇವಿಯ ಕಟ್ಟೆ ಅಡ್ಡ ಬಂದಿತ್ತು. ಹಳೇ ಕಾಲದ ಗುಡಿಯಾದರೆ ರಸ್ತೆಯನ್ನು ಸ್ವಲ್ಪ ಬಳಸಿ ಒಯ್ಯುತ್ತಾರಂತೆ, ಅಲ್ಲದಿದ್ದರೆ ಕಟ್ಟೆ ಕೀಳುತ್ತಾರಂತೆ. ನೋಡಲು ಪಾಲಿಕೆಯ ಸಾಹೇಬರು ಬರುವವರಿದ್ದರು. ಇತಿಹಾಸ ಓದಿದವಳು, ಮೇಲಾಗಿ ಕನ್ನಡದವಳು ಎಂದು ಕೇಳಿ ಓಣಿಯವರು ನನ್ನನ್ನು ಕರೆಸಿದರು.

ದೇವಿಯನ್ನು ನೋಡಿಕೊಳ್ಳುತ್ತಿದ್ದವಳು ಒಬ್ಬ ಮುದುಕಿ. ಕಟ್ಟೆಯ ಮೇಲೆ ದುಂಡನೆಯ ಕಲ್ಲು, ಮೈತುಂಬ ಅರಿಶಿನ, ಬೆಳ್ಳಿಯ ಕಣ್ಣು. ಬಗ್ಗಿ ನೋಡಿದೆ. ನಡುವೆ ಒಂದು ತೂತು, ಅಂಚಿನಲ್ಲಿ ಗೂಟ ಹಾಕುವ ಇನ್ನೊಂದು ತೂತು. ವಿಜಯಪುರದ ನಮ್ಮ ಅಡುಗೆಮನೆಯಲ್ಲಿ ಅಂಥದರ ಮುಂದೆ ಕೂತು ಕೈ ಬೊಬ್ಬೆ ಬರಿಸಿಕೊಂಡವಳು ನಾನು.

"ಯವ್ವಾ, ಇದು ಬೀಸೂಕಲ್ಲಲ್ಲೇನು?" ಎಂದು ಮೆಲ್ಲಗೆ ಕೇಳಿದೆ.

ಆಕೆ ಅತ್ತಿತ್ತ ನೋಡಿದಳು. ನನ್ನ ರಟ್ಟೆ ಹಿಡಿದು ಮನೆಯೊಳಗೆ ಕರೆದೊಯ್ದು ಬಾಗಿಲು ಮುಂದೆ ಮಾಡಿದಳು.

"ಊರು ಬಿಡೂ ದಿನ ಗುತ್ತೇದಾರನ ಲಾರಿ ಅವಸರ ಮಾಡ್ತಿತ್ತರಿ. ಮ್ಯಾಗಿನ ಕಲ್ಲು ನಾ ಏರಿಸಿದೆ. ತೆಳಗಿಂದು ಗಂಡ ಏರಿಸ್ಯಾನಂತ ನಾ ತಿಳದೆ, ನಾನೇ ಏರಿಸೀನಂತ ಅಂವ ತಿಳದ. ಇಲ್ಲಿ ಇಳದು ನೋಡ್ತೀವಿ, ಅರ್ಧಾನೇ ಅದ! ನಮ್ಮತ್ತಿ ನನ್ನ ಜನ್ಮಾ ಜಾಲಾಡಿಬಿಟ್ಟಳರಿ. ಆಮ್ಯಾಲ ತಾನೇ, ಅನ್ನಾ ಕೊಟ್ಟ ಕಲ್ಲು, ಒಗೀಬಾರದು ಅಂತ ಗಿಡದ ಬುಡಕ ಇಟ್ಟು ಅರಿಶಿಣ ಹಚ್ಚಿದಳು. ಹಿಂದ ಬಂದ ಮಂದಿ ಕಾಯಿ ಒಡೀಲಿಕ್ಕೆ ಹತ್ತಿದರು. ಊರ ದೇವಿ ನಮ್ಮ ಬೆನ್ನ ಹಿಂದ ಬಂದಾಳ ಅಂತಾರ. ನಾ ಬಾಯಿ ಬಿಟ್ಟಿಲ್ಲ." ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ನಕ್ಕವಳೇ ನನ್ನ ಕೈ ಹಿಡಿದಳು. "ರಾಜರ ಕಾಲದ್ದು ಅಂತ ಒಂದ ಮಾತು ಹೇಳ್ರಿ ಅಕ್ಕಾರ. ನಿಮ್ಮ ಮಾತು ಅವರು ಕೇಳ್ತಾರ."

ಹೂಂ ಎನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ. ಚಹಾ ಕುಡಿದು ಎದ್ದು ಬಂದೆ.

ಆಮೇಲೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ. ಅನ್ನಕ್ಕಿಟ್ಟು ಸ್ನಾನಕ್ಕೆ ಹೋಗಿ ಪಾತ್ರೆ ಸೀದು ಹೋಯಿತು. ಬಸ್ಸಿನಲ್ಲಿ ನನ್ನ ನಿಲ್ದಾಣ ದಾಟಿ ಹೋದ ಮೇಲೆ ಇಳಿದೆ. ಒಂದು ಸುಳ್ಳು ತಾನೆ, ಹೇಳಿಬಿಡು ಎಂದುಕೊಳ್ಳುತ್ತಿದ್ದೆ. ಈ ಊರಿನಲ್ಲಿ ನಿನ್ನೆ ಮೊನ್ನೆಯ ಕಲ್ಲಿಗೆ ರಾಜರ ಹೆಸರು ಅಂಟಿಸಿದವರು ಕಡಿಮೆಯೇ? ಮರುಕ್ಷಣ ಮೈ ಉರಿಯುತ್ತಿತ್ತು. ಅಂಥ ಸುಳ್ಳುಗಳನ್ನು ಕೀಳುವುದರಲ್ಲೇ ನನ್ನ ತಲೆ ಹಣ್ಣಾಗಿದೆ. ಹಳೆಯದಲ್ಲ ಅಂದ ಮಾತ್ರಕ್ಕೆ ಈ ಜನರಿಗೆ ಇತಿಹಾಸವೇ ಇಲ್ಲವೇ? ಅದನ್ನೇ ಸಾಹೇಬರ ಮುಖಕ್ಕೆ ಹೇಳಿದರೆ? ಹಾಸಿಗೆಯಲ್ಲಿ ಹೊರಳಾಡುತ್ತಾ ಭಾಷಣ ತಯಾರು ಮಾಡಿದೆ. ಭಾಷಣ ಚೆನ್ನಾಗಿಯೇ ಬಂತು, ಹಾಳಾದ್ದು.

ಸಾಹೇಬರು ಬಂದ ದಿನ ಓಣಿಯ ಮಂದಿಯೆಲ್ಲ ಕಟ್ಟೆಯ ಸುತ್ತ ನಿಂತಿದ್ದರು. ಮುದುಕಿ ಹೊಸ ಸೀರೆ ಉಟ್ಟಿದ್ದಳು. "ಕಿತಿ ಜುನಂ ಆಹೆ, ಮ್ಯಾಡಮ್?" ಎಂದರು ಸಾಹೇಬರು. ಮತ್ತೆ ಅದೇ ಪ್ರಶ್ನೆ, ಎಷ್ಟು ಹಳೆಯದು!

ನಾನು ಮರಾಠಿಯಲ್ಲಿ ಶುರು ಮಾಡಿದೆ. ಹಳೆಯದಲ್ಲ ಎಂದೆ. ಈ ಕಟ್ಟಡಗಳನ್ನು ಎತ್ತಿದವರು ಇಲ್ಲಿ ಇಳಿದ ದಿನದ ಗುರುತು ಎಂದೆ. ಅವಸರದ ಲಾರಿ, ಗಂಡ ಹೆಂಡತಿಯ ಎಡವಟ್ಟು, ಊರಿನಲ್ಲೇ ಉಳಿದ ಕೆಳಗಿನ ಕಲ್ಲು, ಅತ್ತೆಯ ಅರಿಶಿನ, ಒಂದನ್ನೂ ಬಿಡಲಿಲ್ಲ. ನಿಮ್ಮ ರಸ್ತೆಗೆ ಇದಕ್ಕಿಂತ ದೊಡ್ಡ ಇತಿಹಾಸ ಬೇಕೇ ಎಂದು ಕೇಳಿ ಮುಗಿಸಿದೆ. ಸಾಹೇಬರ ಕಣ್ಣು ಒದ್ದೆಯಾದಂತೆ ಕಂಡಿತು. "ಭಾಳ ಛಂದ ಹೇಳಿದ್ರಿ," ಎಂದು ಹರುಕುಮುರುಕು ಕನ್ನಡದಲ್ಲೇ ಮೆಚ್ಚಿದರು. ಆಮೇಲೆ ಜೊತೆಗೆ ಬಂದಿದ್ದ ಆಫೀಸಿನ ಹುಡುಗನಿಗೆ ಕೈ ಮಾಡಿ ಕಟ್ಟೆಗೆ ಸುಣ್ಣದ ಗೆರೆ ಎಳೆಸಿದರು. ಕೀಳುವ ಗೆರೆ.

ನಾನು ಸಾಹೇಬರ ಮೇಲೆ ಹರಿಹಾಯುವಷ್ಟರಲ್ಲಿ ಹಿಂದೆ ಯಾರೋ ನಕ್ಕರು. ಮರಾಠಿ ಆ ಓಣಿಯವರಿಗೆಲ್ಲ ಬರುತ್ತದೆ. ಭಾಷಣ ಮಾಡುವಾಗ ಅದು ನನ್ನ ತಲೆಗೆ ಹೊಳೆದೇ ಇರಲಿಲ್ಲ. "ಇಷ್ಟ ದಿನ ಬೀಸೂಕಲ್ಲಿಗೆ ಕಾಯಿ ಒಡಸಿದೇನಬೇ, ಮುದುಕೀ?" ಎಂದು ಒಬ್ಬ ಗಂಡಸು ಕೂಗಿದ. ಒಬ್ಬೊಬ್ಬರೇ ಚದುರಿದರು. ಮುದುಕಿ ನನ್ನ ಹತ್ತಿರ ಬಂದಳು.

"ಸುಳ್ಳು ಹೇಳಾಕ ಮನಸ್ಸಿಲ್ಲಂದ್ರ ಸುಮ್ನಿರಬೇಕಿತ್ತರಿ," ಎಂದಳು. "ಬಾಗಲಾ ಹಾಕ್ಕೊಂಡು ಹೇಳಿದ್ದೆ ನಾ."

ಕಟ್ಟೆ ಹೋಯಿತು, ಡಾಂಬರು ಬಿತ್ತು. ನಿಜ ಹೇಳಿದ್ದು ತಪ್ಪೆಂದು ನನಗೆ ಈಗಲೂ ಅನಿಸುವುದಿಲ್ಲ, ಆದರೆ ಆ ನಿಜ ನನ್ನದಾಗಿತ್ತೇ ಎಂದು ಕೇಳಿಕೊಂಡರೆ ಕೂತಲ್ಲಿ ಕೂರಲಾಗುವುದಿಲ್ಲ. ಸುಮಾರು ದಿನ ತಡೆದು, ಹಣ್ಣು ತೆಗೆದುಕೊಂಡು ಆಕೆಯ ಮನೆಗೆ ಹೋದೆ. ಕಲ್ಲು ಒಲೆಯ ಪಕ್ಕದ ಮೂಲೆಯಲ್ಲಿತ್ತು. ಬೆಳ್ಳಿಯ ಕಣ್ಣು ಇರಲಿಲ್ಲ. ಅರಿಶಿನ ಮಾತ್ರ ಆ ಬೆಳಿಗ್ಗೆಯೇ ಹಚ್ಚಿದ್ದು. ಕಣ್ಣು ಏನಾಯಿತು, ಓಣಿಯವರು ಬರುತ್ತಾರೋ ಇಲ್ಲವೋ, ನಾಲಿಗೆಯ ತುದಿಯಲ್ಲಿ ಪ್ರಶ್ನೆಗಳು ಸಾಲುಗಟ್ಟಿದ್ದವು. ಆಕೆ ನನ್ನ ಮುಖ ನೋಡಿ ಮಣೆ ಸರಿಸಿದಳು.

"ಕೂಡ್ರಿ ಅಕ್ಕಾರ. ಚಾ ಕುಡೀರಿ, ರೊಟ್ಟಿ ಮಾಡ್ತೀನಿ, ಉಂಡು ಹೋಗ್ರಿ. ಕತಿ ಮಾತ್ರ ಕೇಳಬ್ಯಾಡ್ರಿ."