ಹೊಸಗನ್ನಡ ಮತ್ತು ಹೊಸ ಟೀಚರ್

ಮುಕ್ಕಾಲು ಗಂಟೆ ಎಷ್ಟು ಉದ್ದವಿರುತ್ತದೆ ಎಂಬುದು ತರಗತಿಯಲ್ಲಿ ಕುಳಿತವರಿಗಿಂತ ನಿಂತವರಿಗೆ ಚೆನ್ನಾಗಿ ಗೊತ್ತು. ಹದಿನೇಳು ವರ್ಷ ಬೆಂಚಿನ ಮೇಲೆ ಕುಳಿತು, ಪೀರಿಯಡ್ ಮುಗಿಯಲಿ ದೇವರೇ ಎಂದು ಪ್ರಾರ್ಥಿಸಿದ್ದ ನನಗೆ, ಕರಿಹಲಗೆಯ ಮುಂದೆ ನಿಂತ ಮೊದಲ ದಿನವೂ ಅದೇ ಪ್ರಾರ್ಥನೆ ಬಾಯಿಗೆ ಬಂತು. ನಲವತ್ತೈದು ನಿಮಿಷಕ್ಕೆಂದು ಎರಡು ರಾತ್ರಿ ಹೆಣೆದಿದ್ದ ಪಾಠ ಹದಿನೇಳನೆಯ ನಿಮಿಷಕ್ಕೆ ಮುಗಿದು, ಉಳಿದ ಇಪ್ಪತ್ತೆಂಟು ನಿಮಿಷಗಳು ಎದುರಿಗೆ ಖಾಲಿ ಮೈದಾನದಂತೆ ಹರಡಿಕೊಂಡಿದ್ದವು. ‘ಯಾರಿಗಾದರೂ ಸಂದೇಹ ಇದೆಯೇ?’ ಎಂದು ಕೇಳಿದೆ. ಮುಂದಿನ ಬೆಂಚಿನ ಧನುಷ್ ಕೈಯೆತ್ತಿದ. “ಟೀಚರ್, ನೀವು ನಾಳೆ ಸಹ ಬರ್ತೀರಾ?”

ಅದು ಸಂದೇಹವೋ, ಭಯವೋ, ಆಸೆಯೋ ಎಂದು ಇವತ್ತಿಗೂ ನನಗೆ ನಿಶ್ಚಯವಿಲ್ಲ.

ಬಲ್ಮಠದ ಕಾಲೇಜೊಂದರಲ್ಲಿ ಬಿ.ಎಡ್. ಓದುತ್ತಿದ್ದ ನನ್ನನ್ನು ಬೋಧನಾಭ್ಯಾಸಕ್ಕೆಂದು ಪಂಪ್‌ವೆಲ್ ಹತ್ತಿರದ ಪ್ರೌಢಶಾಲೆಗೆ ಕಳಿಸಿದ್ದರು. ವಿಷಯ ಕನ್ನಡ, ತರಗತಿ ಒಂಬತ್ತು, ಮಕ್ಕಳು ಮೂವತ್ತೆರಡು. ಕಾಟಿಪಳ್ಳದ ನಮ್ಮ ಮನೆಯಲ್ಲಿ ಜಗಳವೂ ಜಪಮಾಲೆಯೂ ಕೊಂಕಣಿಯಲ್ಲಿ. ನನ್ನ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರದು ತುಳು, ಉಳಿದವರದು ಬ್ಯಾರಿ. ಹೀಗೆ ಯಾರ ಅಡುಗೆಮನೆಯದೂ ಅಲ್ಲದ ಕನ್ನಡವನ್ನು, ಎಲ್ಲರೂ ಶುಭ್ರ ಬಟ್ಟೆ ಹಾಕಿಕೊಂಡು ಚಾವಡಿಯಲ್ಲಿ ಅತಿಥಿಯನ್ನು ಉಪಚರಿಸಿದಂತೆ ಉಪಚರಿಸುತ್ತಿದ್ದೆವು.

ಶಾಲೆಗೆ ಬರುವ ಮುನ್ನ ಕಾಲೇಜಿನಲ್ಲಿ ‘ಸೂಕ್ಷ್ಮ ಬೋಧನೆ’ ಎಂಬ ಸಂಸ್ಕಾರವೊಂದು ಆಗಿತ್ತು. ಸಹಪಾಠಿಗಳೇ ಏಳನೆಯ ತರಗತಿಯ ಮಕ್ಕಳಂತೆ ನಟಿಸುತ್ತಾರೆ, ನಾವು ಆರು ನಿಮಿಷ ಪಾಠ ಮಾಡುತ್ತೇವೆ. ಮೀಸೆ ಹೊತ್ತ ಮಹನೀಯರು ಕಿರುಬೆರಳೆತ್ತಿ ಹೊರಗೆ ಹೋಗಲು ಅನುಮತಿ ಬೇಡುತ್ತಿದ್ದ ಆ ದೃಶ್ಯದಿಂದ ನಾನು ಕಲಿತದ್ದೆಂದರೆ, ನಗು ತಡೆದುಕೊಳ್ಳುವ ವಿದ್ಯೆ ಮಾತ್ರ. ನಿಜವಾದ ಮಕ್ಕಳು ಹಾಗೆ ನಟಿಸುವುದಿಲ್ಲ. ಅವರು ಸುಮ್ಮನೆ ನೋಡುತ್ತಾರೆ. ಆ ನೋಟವನ್ನು ಎದುರಿಸಲು ಯಾವ ಪಠ್ಯಕ್ರಮದಲ್ಲೂ ಅಧ್ಯಾಯವಿಲ್ಲ.

ಎರಡನೆಯ ವಾರ ಸಂಧಿ ಪ್ರಕರಣ ಬಂತು. ಶಾಲೆಯ ಕನ್ನಡ ಶಿಕ್ಷಕಿ ಶಾರದಾ ಟೀಚರ್ ಎಂದಿನಂತೆ ಹಿಂದಿನ ಬೆಂಚಿನಲ್ಲಿ ಕುಳಿತು ನನ್ನನ್ನು ಗಮನಿಸುತ್ತಿದ್ದರು. ಲೋಪ, ಆಗಮ, ಆದೇಶ ಮೂರನ್ನೂ ಪುಸ್ತಕದ ಉದಾಹರಣೆಗಳೊಂದಿಗೆ ಒಪ್ಪವಾಗಿ ಹೇಳಿದೆ. ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ವಾಗುವಾಗ ಕಕಾರ ಹೋಗಿ ಆ ಜಾಗಕ್ಕೆ ಗಕಾರ ಬರುತ್ತದೆ, ಆದ್ದರಿಂದ ಆದೇಶ ಸಂಧಿ ಎಂದೆ. ಇಲ್ಲಿಗೆ ನಿಲ್ಲಿಸಿದ್ದರೆ ಈ ಪ್ರಬಂಧಕ್ಕೆ ಅವಕಾಶವಿರುತ್ತಿರಲಿಲ್ಲ. ಆಫೀಸಿನಿಂದ ಕರೆ ಬಂದು ಶಾರದಾ ಟೀಚರ್ ಎದ್ದು ಹೋದರು. ಕಾವಲು ತಪ್ಪಿದ ಹುರುಪಿನಲ್ಲಿ ನನಗೆ ಸ್ವಂತ ಉದಾಹರಣೆ ಕೊಡುವ ಹುಚ್ಚು ಹಿಡಿಯಿತು. ‘ಹೊಸ’ ಮತ್ತು ‘ಕನ್ನಡ’ ಸೇರಿ ‘ಹೊಸಗನ್ನಡ’. ನಡುವೆ ಗಕಾರವೆಂಬ ನೆಂಟ ಆಗಮಿಸಿದ್ದಾನೆ ನೋಡಿ, ಆದ್ದರಿಂದ ಇದು ಆಗಮ ಸಂಧಿ ಎಂದು ಘೋಷಿಸಿ, ಕೈಯ ಸೀಮೆಸುಣ್ಣ ಕೊಡವಿಕೊಂಡೆ. ಆ ಉದಾಹರಣೆಯ ಮೇಲೆ ನನಗೆ ಎಷ್ಟು ಮೋಹವೆಂದರೆ, ವಾರದ ಕಿರುಪರೀಕ್ಷೆಯಲ್ಲಿ ಅದನ್ನೇ ಒಂದು ಅಂಕದ ಪ್ರಶ್ನೆಯಾಗಿ ಕೇಳಿದೆ.

ಮೂವತ್ತೊಂದು ಮಕ್ಕಳು ‘ಆಗಮ’ ಎಂದು ಬರೆದು ನನ್ನನ್ನು ಸಂತುಷ್ಟಗೊಳಿಸಿದರು. ಕಿಟಕಿಯ ಪಕ್ಕ ಕೂರುವ, ಕೇಳಿದ್ದಕ್ಕಿಂತ ಒಂದು ಮಾತೂ ಹೆಚ್ಚು ಆಡದ ಅಫ್ರೀನಾ ಮಾತ್ರ ‘ಆದೇಶ’ ಎಂದು ಬರೆದಿದ್ದಳು. ಹುಡುಗಿಗೆ ಗಮನ ಸಾಲದು ಎಂದುಕೊಂಡು, ಕೆಂಪು ಶಾಯಿಯಲ್ಲಿ ಧಾರಾಳವಾದ ಒಂದು ತಪ್ಪು ಗುರುತು ಹಾಕಿದೆ. ಶುಕ್ರವಾರ ಉತ್ತರ ಪತ್ರಿಕೆ ಕೊಟ್ಟಾಗ ಆಕೆ ಆ ಗುರುತನ್ನು ಒಂದು ಕ್ಷಣ ನೋಡಿ, “ಥ್ಯಾಂಕ್ಯೂ ಟೀಚರ್” ಎಂದು ಮಡಚಿಟ್ಟುಕೊಂಡಳು.

ಭಾನುವಾರ ಮಧ್ಯಾಹ್ನ ಬಿ.ಎಡ್. ಕಡತಕ್ಕೆಂದು ಮಾದರಿ ಉತ್ತರಗಳನ್ನು ಬರೆಯುತ್ತಿದ್ದೆ. ಮೇಲಿನ ಸಾಲಿನಲ್ಲಿ ‘ಮಳೆ + ಕಾಲ = ಮಳೆಗಾಲ, ಆದೇಶ’. ಅದರ ಕೆಳಗೆ ‘ಹೊಸ + ಕನ್ನಡ = ಹೊಸಗನ್ನಡ, ಆಗಮ’. ಎರಡೂ ಸಾಲುಗಳು ಒಂದನ್ನೊಂದು ನೋಡಿದವು, ಆಮೇಲೆ ಎರಡೂ ಸೇರಿ ನನ್ನನ್ನು ನೋಡಿದವು. ಎರಡರಲ್ಲೂ ಕಕಾರ ಹೋಗಿ ಅದೇ ಜಾಗಕ್ಕೆ ಗಕಾರ ಬಂದಿತ್ತು. ಸರಿ ಬರೆದ ಒಬ್ಬಳೇ ಒಬ್ಬಳ ಅಂಕ ಕಿತ್ತುಕೊಂಡಿದ್ದೆ. ತಪ್ಪು ಬರೆದ ಮೂವತ್ತೊಂದು ಮಂದಿಯನ್ನು ಬೆನ್ನು ತಟ್ಟಿ ಕಳಿಸಿದ್ದೆ.

ಸೋಮವಾರವೇ ನನ್ನ ಮೌಲ್ಯಮಾಪನ ಪಾಠ. ನಮ್ಮ ಕಾಲೇಜಿನ ವಸಂತ ಸರ್ ಖುದ್ದಾಗಿ ಬಂದು, ಹಿಂದೆ ಕುಳಿತು, ಅಂಕಪಟ್ಟಿ ತುಂಬುವ ದಿನ. ಒಂದು ದಿನ ತಡೆದು ಮಂಗಳವಾರ ಹೇಳಿದರಾಗದೇ ಎಂದು ಮನಸ್ಸು ಒಳ್ಳೆಯ ವಕೀಲನಂತೆ ವಾದಿಸಿತು. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಮಮ್ಮಿಯ ಮುಂದೆ ಆ ವಾದವನ್ನು ಮಂಡಿಸಿದೆ. ಬಟ್ಟೆ ಮಡಚುತ್ತಿದ್ದವಳು ತಲೆ ಎತ್ತಲಿಲ್ಲ. ಆಕೆ ಕೊಂಕಣಿಯಲ್ಲಿ ಹೇಳಿದ್ದಿಷ್ಟೆ: ತಪ್ಪು ಮಾತ್ರೆ ಕೊಟ್ಟದ್ದು ಗೊತ್ತಾದ ಮೇಲೆ, ದೊಡ್ಡ ಡಾಕ್ಟರ್ ರೌಂಡ್ಸ್ ಮುಗಿಸಿ ಹೋಗಲಿ ಅಂತ ನಾವು ಕಾಯುತ್ತಿರಲಿಲ್ಲ.

ಸೋಮವಾರ ವಸಂತ ಸರ್ ಮತ್ತು ಶಾರದಾ ಟೀಚರ್ ಹಿಂದಿನ ಬೆಂಚಿನಲ್ಲಿ ಅಕ್ಕಪಕ್ಕ ಕುಳಿತರು. ಪೀಠಿಕೆಗೆಂದು ಮೂರು ದಿನ ಬಣ್ಣ ಹಚ್ಚಿ ತಯಾರಿಸಿದ್ದ ಚಾರ್ಟು ನನ್ನ ಕೈಯಲ್ಲಿ ಸುರುಳಿಯಾಗಿಯೇ ಉಳಿಯಿತು.

“ಕಳೆದ ವಾರ ನಾನು ನಿಮಗೆ ಒಂದು ತಪ್ಪು ಪಾಠ ಮಾಡಿದ್ದೇನೆ” ಎಂದೆ.

ಧನುಷ್, ತೀರಾ ಸಹಜವಾಗಿ: “ಹೊಸಗನ್ನಡದ್ದಾ ಟೀಚರ್?”

“ನಿನಗೆ ಗೊತ್ತಿತ್ತಾ?”

“ಎಲ್ಲರಿಗೂ ಗೊತ್ತುಂಟು ಟೀಚರ್. ಅಫ್ರೀನಾ ಆವತ್ತೇ ಹೇಳಿದ್ದಳು.”

ಇಷ್ಟು ಹೊತ್ತಿಗೆ ನನ್ನ ಗ್ರಾಂಥಿಕ ಕನ್ನಡ ಗಾಳಿಗೆ ಹಾರಿಹೋಗಿತ್ತು. “ಮತ್ತೆ ಎಂತಕ್ಕೆ ಎಲ್ಲರೂ ಆಗಮ ಅಂತ ಬರೆದದ್ದು ಮಾರಾಯ?”

“ಪೇಪರ್ ತಿದ್ದುದು ನೀವಲ್ವಾ? ನಿಮ್ಮ ಹತ್ತಿರ ಆಗಮ, ಪಬ್ಲಿಕ್ ಪರೀಕ್ಷೆಯಲ್ಲಿ ಆದೇಶ. ಹಾಗೆ ಮಾತಾಡಿಕೊಂಡದ್ದು ನಾವು.”

ಹಿಂದಿನಿಂದ ಶಾರದಾ ಟೀಚರ್ ಕೆಮ್ಮಿದ್ದು ಕೇಳಿಸಿತು. ಅದು ಕೆಮ್ಮಲ್ಲ ಎಂಬುದೂ ತಿಳಿಯಿತು. ನಾನು ಕಿಟಕಿಯ ಕಡೆ ತಿರುಗಿದೆ. ಸರಿ ಎಂದು ಗೊತ್ತಿದ್ದೂ ಆ ಕೆಂಪು ಗುರುತನ್ನು ನೋಡಿ ನೀನು ಯಾಕೆ ಸುಮ್ಮನಿದ್ದೆ ಎಂದು ಅಫ್ರೀನಾಳನ್ನು ಕೇಳಿದೆ.

ಆಕೆ ಎದ್ದು ನಿಂತಳು. “ಕೇಳುದಾ ಅಂತ ಅನಿಸಿತ್ತು ಟೀಚರ್. ಆದರೆ ನೀವು ಹೊಸಬರಲ್ವಾ, ಪಾಪ. ಬೇಜಾರಾಗ್ತದೆ ಅಂತ ಬಿಟ್ಟೆ.” ಕೂರುತ್ತಾ ಸೇರಿಸಿದಳು: “ತಪ್ಪು ಬರೀಲಿಕ್ಕೆ ಮಾತ್ರ ಕೈ ಹೋಗ್ಲಿಲ್ಲ.”

ಓದುಗ ಮಿತ್ರರೇ, ಮಕ್ಕಳನ್ನು ಹೇಗೆ ನೋಯಿಸದೆ ತಿದ್ದಬೇಕು ಎಂಬ ವಿಷಯದ ಮೇಲೆ ಮನೋವಿಜ್ಞಾನದ ಪತ್ರಿಕೆಯಲ್ಲಿ ಹನ್ನೆರಡು ಪುಟ ಬರೆದು ಉತ್ತಮ ಅಂಕ ಪಡೆದವಳು ನಾನು. ಆ ಹನ್ನೆರಡು ಪುಟಗಳನ್ನು ಮೂವತ್ತೆರಡು ಮಕ್ಕಳು ಒಂದು ವಾರದಿಂದ ನನ್ನ ಮೇಲೆ ಪ್ರಯೋಗಿಸುತ್ತಿದ್ದರು. ನಾಚಿಕೆಯಾಯಿತು, ನಿಜ ಹೇಳಬೇಕೆಂದರೆ, ಅದಕ್ಕಿಂತ ಒಂದು ತೂಕ ಹೆಚ್ಚು ಸುಖವಾಯಿತು.

ಆಕೆಯ ಉತ್ತರ ಪತ್ರಿಕೆಯನ್ನು ಅಲ್ಲೇ ತರಿಸಿ, ತಪ್ಪು ಗುರುತು ಹೊಡೆದುಹಾಕಿ, ಅಂಕ ಕೊಟ್ಟು, ಪಕ್ಕದಲ್ಲಿ ನನ್ನ ಸಹಿ ಹಾಕಿದೆ. ‘ಹಾಗಾದರೆ ನಮ್ಮ ಮಾರ್ಕು ಕಟ್ಟಾ?’ ಎಂಬ ಆರ್ತನಾದ ಎದ್ದಿತು. ನಾನು ಕಲಿಸಿದ್ದನ್ನು ಬರೆದದ್ದಕ್ಕೆ ಅಂಕ ಕಳೆಯುವುದಿಲ್ಲ, ಆದರೆ ಎಲ್ಲರೂ ಐದೈದು ಆದೇಶ ಸಂಧಿ ಹುಡುಕಿ ತರಬೇಕು ಎಂದು ರಾಜಿಯಾಯಿತು. ಬಳಿಕ ಸೀಮೆಸುಣ್ಣದ ಕಡ್ಡಿಯನ್ನು ಅಫ್ರೀನಾಳ ಕೈಗೆ ಕೊಟ್ಟು, ನಾನು ಆಕೆಯ ಜಾಗದಲ್ಲಿ ಕುಳಿತೆ.

“ಬಸ್ಸಿನ ಸೀಟು ಉಂಟಲ್ಲ” ಎಂದು ಶುರು ಮಾಡಿದಳು, ಮೊದಲು ನೆಲಕ್ಕೆ, ಆಮೇಲೆ ತರಗತಿಗೆ. “ಪಂಪ್‌ವೆಲ್‌ನಲ್ಲಿ ಕಕಾರ ಇಳಿದ, ಅದೇ ಸೀಟಲ್ಲಿ ಗಕಾರ ಕೂತ. ಅದು ಆದೇಶ. ಯಾರೂ ಇಳೀಲಿಲ್ಲ, ಇಬ್ಬರ ನಡುವೆ ಇನ್ನೊಬ್ಬ ಬಂದು ತುರುಕಿಕೊಂಡ ಅಂತಾದರೆ ಆಗಮ. ಒಬ್ಬ ಇಳಿದ, ಯಾರೂ ಹತ್ತಲಿಲ್ಲ ಅಂತಾದರೆ ಲೋಪ.”

“ಲೋಪ ಆಗುದೇ ಇಲ್ಲ ನಮ್ಮ ಬಸ್ಸಲ್ಲಿ” ಎಂದು ಹಿಂದಿನಿಂದ ಯಾರೋ ಕೂಗಿದರು. ತರಗತಿ ನಕ್ಕಿತು, ವಸಂತ ಸರ್ ಕನ್ನಡಕ ತೆಗೆದು ಒರೆಸಿಕೊಂಡರು. ವ್ಯಾಕರಣ ಶಾಸ್ತ್ರ ಇಷ್ಟು ಸಲೀಸಾಗಿ ಸಿಟಿ ಬಸ್ಸು ಹತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಅಂಕಪಟ್ಟಿ ಸಂಜೆ ಕೈಗೆ ಬಂತು. ಸಮಯ ಪಾಲನೆ: ಸಾಧಾರಣ. ಪಾಠ ಯೋಜನೆಯ ಅನುಸರಣೆ: ಇಲ್ಲ. ಪಾಠೋಪಕರಣ ಎಂಬ ಅಂಕಣದಲ್ಲಿ ಸರ್ ತಮ್ಮ ದುಂಡು ಅಕ್ಷರಗಳಲ್ಲಿ ‘ಬಸ್ಸು, ಅತ್ಯುತ್ತಮ’ ಎಂದು ಬರೆದಿದ್ದರು. ಒಟ್ಟಾರೆ ನಾನು ಪಾಸಾಗಿದ್ದೆ, ಅಬ್ಬರವಿಲ್ಲದೆ.

ಆದರೆ ನನ್ನ ನಿಜವಾದ ಫಲಿತಾಂಶ ಬಂದದ್ದು ಮರುದಿನ. ಹೊಸ ಪಾಠದ ಹೆಸರು ಬರೆಯಲು ಹಲಗೆಯ ಕಡೆ ತಿರುಗಿದ್ದೆ. ‘ಶೀರ್ಷಿಕೆ’ ಎಂಬ ಪದಕ್ಕೆ ದೀರ್ಘ ಹಾಕುವುದನ್ನು ಅವಸರದಲ್ಲಿ ಮರೆತೆ. ಕೊನೆಯ ಅಕ್ಷರ ಮುಗಿಸುವ ಮೊದಲೇ ಬೆನ್ನ ಹಿಂದಿನಿಂದ, ಒಂದಿಷ್ಟೂ ಕರುಣೆಯಿಲ್ಲದೆ, ಮೂವತ್ತೆರಡು ದನಿಗಳು ಒಟ್ಟಿಗೆ ಕೂಗಿದವು: “ಟೀಚರ್, ದೀರ್ಘ!”